ಆತ್ಮಹತ್ಯೆಗೆ ಯತ್ನಿಸಿ ಉಳಿದವರೊಡನೆ ಮಾತನಾಡುವ ಬಗೆ

ಆತ್ಮಹತ್ಯೆಗೆ ಯತ್ನಿಸಿ ಉಳಿದವರು ಆಸ್ಪತ್ರೆಯಿಂದ ಮನೆಗೆ ಮರಳಿದ ಮೊದಲ ವಾರಗಳಲ್ಲಿ ಅಪಾಯ ಹೆಚ್ಚಾಗಿರುತ್ತದೆ. ಆದ್ದರಿಂದ ಮಾತಿಗಿಂತ ಮೊದಲು ಅಪಾಯ ತರಬಹುದಾದ ವಸ್ತುಗಳು ಅವರ ಕೈಗೆ ಸಿಗದಂತೆ ಮಾಡಿ, ಮನೋವೈದ್ಯರನ್ನು ಮತ್ತೆ ಕಾಣುವ ದಿನವನ್ನು ಗೊತ್ತುಮಾಡಿಕೊಳ್ಳಿ. ಪೊಲೀಸ್ ಕೇಸಿನ ಭಯದಿಂದ ಚಿಕಿತ್ಸೆ ತಪ್ಪಿಸುವ ಕುಟುಂಬಗಳುಂಟು. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಶಿಕ್ಷೆಯ ಬದಲು ಅವರ ಆರೈಕೆಯನ್ನು ಸರ್ಕಾರದ ಹೊಣೆಯಾಗಿಸಿದೆ.

‘ಮಕ್ಕಳ ಮುಖವನ್ನಾದರೂ ನೋಡಬಾರದಿತ್ತೆ’ ಎಂಬ ಮಾತನ್ನು ದಯವಿಟ್ಟು ಆಡಬೇಡಿ. ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಗುರುತಿಸಿದಂತೆ, ಆ ಹೊತ್ತಿನಲ್ಲಿ ಆಲೋಚನೆಯೇ ಕಿರಿದಾಗಿ, ನೋವು ಪೂರ್ತಿ ನೀಗಬೇಕು ಇಲ್ಲವೇ ಬದುಕು ಮುಗಿಯಬೇಕು ಎಂಬ ಎರಡೇ ದಾರಿಗಳು ಕಾಣುತ್ತವೆ. ಒಂದು ದಾರಿ ಮುಚ್ಚಿದಾಗ ಇನ್ನೊಂದನ್ನು ಹುಡುಕುವ ಮನಸ್ಸಿನ ನಮ್ಯತೆ ಕುಗ್ಗಿರುವಾಗ, ಮುಚ್ಚಿದ ಪ್ರತಿ ದಾರಿಯೂ ಕೊನೆಯದೆಂದೇ ತೋರಿ ಹತಾಶೆ ಬೆಳೆಯುತ್ತದೆ. ಬುದ್ಧಿವಾದವು ಅಲ್ಲಿಗೆ ಇನ್ನೊಂದು ಗೋಡೆಯನ್ನು ಸೇರಿಸುತ್ತದೆ, ಅಷ್ಟೆ.

‘ಸಾಯಬೇಕೆಂಬ ಯೋಚನೆ ಈಗಲೂ ಬರುತ್ತಿದೆಯೆ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಿಗೆ ತಿಳಿಸಿ. ಸಿದ್ಧತೆಯ ಸುಳಿವಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಇದೆ, ಕನ್ನಡದಲ್ಲೂ ಮಾತನಾಡುತ್ತಾರೆ.

ಮನಸ್ಸು ತುಸು ಶಾಂತವಾಗಿರುವಾಗ ಒಂದೇ ಒಂದು ಸಮಸ್ಯೆಯನ್ನು ಎತ್ತಿಕೊಳ್ಳಿ. ‘ಸಾಲ ತೀರುವುದೇ ಇಲ್ಲ’ ಎಂದರೆ ವಾದಿಸದೆ ಒಂದು ಹಾಳೆ ತೆಗೆದುಕೊಂಡು, ಬ್ಯಾಂಕಿನಲ್ಲಿ ಗಡುವು ಕೇಳುವುದು, ಅಣ್ಣನಿಗೆ ತಿಳಿಸುವುದು, ಈ ತಿಂಗಳು ಏನೂ ಮಾಡದಿರುವುದು ಎಂದು ಅವರು ಹೇಳಿದ್ದನ್ನೆಲ್ಲ, ಕೆಲಸಕ್ಕೆ ಬಾರದ್ದನ್ನೂ ಸೇರಿಸಿ, ಬರೆಯಿರಿ. ಆಮೇಲೆ ಅತಿ ಕಡಿಮೆ ಕಷ್ಟದ್ದು ಮೊದಲು ಬರುವಂತೆ ಅವರಿಂದಲೇ ಕ್ರಮ ಹಾಕಿಸಿ. ಶ್ನೈಡ್‌ಮನ್ ಕೂಡ ಹೀಗೆಯೇ ಮಾಡುತ್ತಿದ್ದರು. ಸಾಲ ಅಂದೇ ತೀರಬೇಕಿಲ್ಲ, ಎರಡಿದ್ದ ದಾರಿ ಮೂರಾದರೆ ಸಾಕು.

ಇಂಥವರ ನೆನಪುಗಳು ಮಸುಕಾಗಿ, ‘ಯಾವಾಗಲೂ ಹೀಗೇ’ ಎಂಬ ಒಟ್ಟು ಮಾತಾಗಿ ಬರುತ್ತವೆಂಬುದನ್ನು ಮನಶ್ಶಾಸ್ತ್ರಜ್ಞ ಮಾರ್ಕ್ ವಿಲಿಯಮ್ಸ್ 1980ರ ದಶಕದಲ್ಲಿ ತೋರಿಸಿದರು. ಆದ್ದರಿಂದ ‘ಹಿಂದೆ ಹೇಗೆ ದಾಟಿದಿರಿ’ ಎಂದು ಕೇಳಿ ನಿಲ್ಲಿಸದೆ, ಅದು ಯಾವ ವರ್ಷ, ಮೊದಲು ಯಾರಿಗೆ ಫೋನ್ ಮಾಡಿದಿರಿ, ಅಂದು ಯಾರು ಜೊತೆಗಿದ್ದರು ಎಂದು ವಿಚಾರಿಸಿ. ಆ ಹೆಸರುಗಳನ್ನು, ಅವರ ಫೋನ್ ನಂಬರುಗಳನ್ನು ಹಾಳೆಯ ಹಿಂಬದಿಯಲ್ಲಿ ಬರೆದು, 14416 ಅನ್ನೂ ಸೇರಿಸಿ, ಅವರ ಕೈಗೆ ಸುಲಭವಾಗಿ ಸಿಗುವಲ್ಲಿ ಇಡಿ.