ತಾಳಮದ್ದಳೆ ಫೈಲುಗಳ ಚೆಕ್‌ಸಮ್ ಕೊನೆಗೂ ಹದಕ್ಕೆ ಬಂತು: ನನ್ನ ಅನುಭವ

‘ದಿನಾ ಟ್ಯಾಗ್ ತಿದ್ದುವವನಿಗೆ ಚೆಕ್‌ಸಮ್ ಹೇಳಿಸಿದ್ದಲ್ಲ, ಬಿಟ್ಟುಬಿಡು’ ಎಂದು ಸರ್ವರ್ ಕೆಲಸದ ಗೆಳೆಯನೊಬ್ಬ ಹೇಳಿದ್ದ. ಚೆಕ್‌ಸಮ್ ಅಂದರೆ ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ; ಒಂದು ಬೈಟು ಬದಲಾದರೂ ಅದು ಬದಲಾಗುತ್ತದೆ. ಟ್ಯಾಗ್ ಅಂದರೆ ಫೈಲಿನೊಳಗೇ ಬರೆದಿಡುವ ಕಲಾವಿದರ ಹೆಸರಿನಂಥ ವಿವರ. ನಾನು ಬಿಡಲಿಲ್ಲ. ಈಗ ಎರಡು ವರ್ಷದಿಂದ ನನ್ನ ಚೆಕ್‌ಸಮ್ ಪಟ್ಟಿ ಒಂದು ವಾರವೂ ಹಳತಾಗಿ ಕೂತಿಲ್ಲ.

ನನ್ನ ಹತ್ತಿರ ಇರುವುದು ತಾಳಮದ್ದಳೆ ಕ್ಯಾಸೆಟ್‌ಗಳು, ಸುಮಾರು 650. ಹೆಚ್ಚಿನವು 90 ನಿಮಿಷದವು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಇಳಿಸಿದರೆ ಒಂದೊಂದು 3 ಜಿಬಿ ದಾಟುತ್ತದೆ. ಇಳಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ, ಅಲ್ವಾ? ಊರಿನ ಹಿರಿಯರು ಕೇಳಿ, ‘ಭಾಗವತರು ಇವರಲ್ಲ, ಮದ್ದಳೆಯೂ ಬೇರೆಯವರದು’ ಅನ್ನುತ್ತಾರೆ. ಟ್ಯಾಗ್ ತಿದ್ದುತ್ತೇನೆ. ತಿದ್ದಿದ ಕೂಡಲೇ ಶಾ-256 (ನಾನು ಬಳಸುವ ಚೆಕ್‌ಸಮ್) ಬದಲಾಗುತ್ತದೆ.

ಮೊದಲು ತಿಂಗಳಿಗೊಮ್ಮೆ ಇಡೀ ಡಿಸ್ಕಿಗೆ ಹೊಸ ಪಟ್ಟಿ ಬರೆಸುತ್ತಿದ್ದೆ. 2 ಟಿಬಿ ಓದಲು ಐದು ಗಂಟೆ. ರಾತ್ರಿ ಹಚ್ಚಿ ಮಲಗುತ್ತಿದ್ದೆ. ಅದೇ ನನ್ನನ್ನು ಮುಳುಗಿಸಿತು. ‘ಕೃಷ್ಣ ಸಂಧಾನ’ದ ಒಂದು ಫೈಲು ಡಿಸ್ಕಿನಲ್ಲೇ ಕೆಟ್ಟಿತ್ತು. ಕೆಟ್ಟ ಫೈಲಿಗೇ ಹೊಸ ಚೆಕ್‌ಸಮ್ ಬರೆದು, ಸರಿಯಿದೆ ಎಂದು ಮುದ್ರೆ ಒತ್ತಿಬಿಟ್ಟಿದ್ದೆ. ಬ್ಯಾಕಪ್ಪಿಗೂ ಅದೇ ಹೋಯಿತು. ಕೌರವನ ಮಾತಿನ ನಡುವೆ ಚರ್ರ್ ಎಂದು ಸದ್ದು, ಆಮೇಲೆ ಹತ್ತು ಸೆಕೆಂಡ್ ಏನೂ ಇಲ್ಲ. ಮೂಲ ಕ್ಯಾಸೆಟ್ ವಾಪಸ್ ಕೊಟ್ಟಾಗಿತ್ತು. ಆ ಮಳೆಗಾಲದಲ್ಲಿ ಅದಕ್ಕೂ ಬೂಷ್ಟು ಹಿಡಿಯಿತು. ರಿಕವರಿ ಅಂಗಡಿಯಲ್ಲಿ 18 ಸಾವಿರ ಕೇಳಿದರು. ಪರೀಕ್ಷೆಗೆಂದು ಕೊಟ್ಟ 3 ಸಾವಿರವೂ ಹೋಯಿತು. ಆ ಹತ್ತು ಸೆಕೆಂಡ್ ಇವತ್ತಿಗೂ ನನ್ನನ್ನು ಕಾಡುತ್ತದೆ.

ಆಮೇಲೆ ಹಿಡಿದ ದಾರಿ ಇದು. ಪಟ್ಟಿಯಲ್ಲಿ ಚೆಕ್‌ಸಮ್ ಜೊತೆ ಫೈಲಿನ ಗಾತ್ರ, ತಿದ್ದಿದ ಸಮಯ ಎರಡನ್ನೂ ಇಡುತ್ತೇನೆ. ಅವೆರಡೂ ಹಾಗೇ ಇದ್ದು ಚೆಕ್‌ಸಮ್ ಮಾತ್ರ ಬೇರೆ ಬಂದರೆ ಫೈಲು ಕೆಟ್ಟಿದೆ ಎಂದೇ ಲೆಕ್ಕ. ಪಟ್ಟಿ ಮುಟ್ಟುವುದಿಲ್ಲ, ಬ್ಯಾಕಪ್ಪಿನಿಂದ ತರುತ್ತೇನೆ. ಸಮಯ ಬದಲಾಗಿದ್ದರೆ? ಅದನ್ನೂ ಕಣ್ಣು ಮುಚ್ಚಿ ಒಪ್ಪುವುದಿಲ್ಲ. ಇದಕ್ಕೇ ಎಲ್ಲವನ್ನೂ ವೇವ್‌ನಿಂದ ಫ್ಲ್ಯಾಕ್‌ಗೆ ಹಾಕಿದೆ. ವೇವ್ ಕುಗ್ಗಿಸದ ಧ್ವನಿ ಫೈಲು, ಫ್ಲ್ಯಾಕ್ ಧ್ವನಿ ಒಂದಿಷ್ಟೂ ಕೆಡದಂತೆ ಕುಗ್ಗಿಸಿದ್ದು. ಫ್ಲ್ಯಾಕ್ ಫೈಲು ತನ್ನ ತಲೆಯಲ್ಲೇ (ಶುರುವಿನ ಭಾಗದಲ್ಲೇ) ಬರೀ ಧ್ವನಿಯ ಎಂಡಿ5 ಎಂಬ ಇನ್ನೊಂದು ಬಗೆಯ ಚೆಕ್‌ಸಮ್ ಇಟ್ಟುಕೊಂಡಿರುತ್ತದೆ. ಟ್ಯಾಗ್ ಎಷ್ಟು ತಿದ್ದಿದರೂ ಅದು ಅಲುಗಾಡುವುದಿಲ್ಲ. ಅದನ್ನೂ ಪಟ್ಟಿಯಲ್ಲಿ ಬರೆದಿಡುತ್ತೇನೆ. ಅದು ನನ್ನ ಹಳೇ ಪಟ್ಟಿಗೆ ಹೊಂದಬೇಕು, ಫೈಲನ್ನು ಪೂರ್ತಿ ಬಿಚ್ಚಿ ಪರೀಕ್ಷಿಸುವ ‘ಫ್ಲ್ಯಾಕ್ ಮೈನಸ್ ಟಿ’ (flac -t) ಆಜ್ಞೆಯಲ್ಲಿ ಕೂಡ ಪಾಸಾಗಬೇಕು. ಆಗ ಮಾತ್ರ ಹೊಸ ಶಾ-256 ಪಟ್ಟಿಗೆ ಸೇರುತ್ತದೆ. ಜಾಗವೂ ಅರ್ಧದಷ್ಟು ಉಳಿಯಿತು. 9 ಸಾವಿರದ ಇನ್ನೊಂದು ಡಿಸ್ಕ್ ಕೊಳ್ಳುವುದು ತಪ್ಪಿತು.

ಒಂದು ಎಚ್ಚರ. ಟ್ಯಾಗ್ ಎಡಿಟರ್‌ನಲ್ಲಿ ‘ಹಳೇ ಸಮಯ ಉಳಿಸು’ ಆಯ್ಕೆ ಇದ್ದರೆ ತೆಗೆಯಿರಿ. ಅದರಿಂದ ಒಂದೇ ದಿನ 40 ಫೈಲು ಕೆಟ್ಟಿವೆ ಎಂದು ಬಂದು ಎದೆ ಧಸಕ್ಕೆಂದಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ನಂಬುವ ಹಾಗಿಲ್ಲ. ಒಮ್ಮೆ ಪಟ್ಟಿ ಅರ್ಧಕ್ಕೇ ನಿಂತಿತು. ಈಗ ಬೇರೆ ಹೆಸರಲ್ಲಿ ಪೂರ್ತಿ ಬರೆದು, ಆಮೇಲೆ ಹಳತರ ಜಾಗಕ್ಕೆ ತರುತ್ತೇನೆ.

ನಡುವೆ ಬ್ಲೇಕ್3 ಎಂಬ ಹೆಚ್ಚು ವೇಗದ ಚೆಕ್‌ಸಮ್ ಕೂಡ ನೋಡಿದೆ. ಯುಎಸ್‌ಬಿ ಡಿಸ್ಕ್ ಸೆಕೆಂಡಿಗೆ 110 ಎಂಬಿ ಕೊಟ್ಟರೆ ಹೆಚ್ಚು. ಓದುವುದೇ ಅಷ್ಟಾದರೆ ಲೆಕ್ಕ ಹಾಕುವುದು ಎಷ್ಟು ಬೇಗವಾದರೇನು? ಫೈಲು ಬದಲಾದ ಕೂಡಲೇ ತಿಳಿಸುವ ಲಿನಕ್ಸ್‌ನ ಐನೋಟಿಫೈ ಹಚ್ಚಿದೆ. ಡಿಸ್ಕನ್ನು ತಮ್ಮನ ಲ್ಯಾಪ್‌ಟಾಪಿಗೆ ಸಿಕ್ಕಿಸಿ ತಿದ್ದಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ತೆಗೆದುಹಾಕಿದೆ.

ಜಾಸ್ತಿ ತಲೆ ತಿಂದದ್ದು ಕನ್ನಡ ಹೆಸರುಗಳು. ಹಳೇ ಮ್ಯಾಕ್ ಡಿಸ್ಕಿಗೆ ಹೋಗಿ ಬಂದ ‘ಭೀಷ್ಮ ವಿಜಯ’ ಸಿಗುತ್ತಲೇ ಇಲ್ಲ ಎಂದು ಬರುತ್ತಿತ್ತು. ಫೈಲು ಕಣ್ಣೆದುರೇ ಇದೆ! ಎರಡು ದಿನ ಕೂತೆ. ಎಚ್‌ಎಫ್‌ಎಸ್ ಪ್ಲಸ್ (ಹಳೇ ಮ್ಯಾಕ್ ಡಿಸ್ಕುಗಳ ಫೈಲು ವ್ಯವಸ್ಥೆ) ‘ಭೀ’ಯ ದೀರ್ಘವನ್ನು ಒಡೆದು, ಗುಡಿಸು ಬೇರೆ, ದೀರ್ಘದ ಗುರುತು ಬೇರೆ ಮಾಡಿ ಇಡುತ್ತದೆ. ನೋಡಲು ಒಂದೇ, ಬೈಟು ಬೇರೆ. ಈಗ ಪಟ್ಟಿಗೆ ಹಾಕುವ ಮೊದಲು ಎಲ್ಲ ಹೆಸರನ್ನೂ, ಒಡೆದ ಗುರುತುಗಳನ್ನು ಒಂದಾಗಿಸುವ ಯುನಿಕೋಡ್ ರೂಪವಾದ ಎನ್‌ಎಫ್‌ಸಿಗೆ ತರುತ್ತೇನೆ.

ಫೈಲು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋದಾಗ ಮತ್ತೆ ಓದದೆ ಪಟ್ಟಿ ಸರಿಮಾಡುವ ಉಪಾಯ ನನ್ನ ಕೈಗುಟ್ಟು. ಅದನ್ನು ಇಲ್ಲಿ ಬಿಡಿಸುವುದಿಲ್ಲ.

ಈ ದಾರಿ ಹಿಡಿದ ಮೇಲೆ ಇಲ್ಲಿವರೆಗೆ ನಿಜವಾಗಿ ಕೆಟ್ಟ 11 ಫೈಲು ಹಿಡಿದಿದ್ದೇನೆ. ಏಳು ಒಂದೇ ಹಾಳು ಕೇಬಲ್ಲಿನಿಂದ ಕೆಟ್ಟವು. ಹನ್ನೊಂದೂ ಬ್ಯಾಕಪ್ಪಿನಿಂದ ವಾಪಸ್ ಬಂದವು. ನಿನ್ನೆ ಸಂಜೆ 14 ಫೈಲಿನ ಟ್ಯಾಗ್ ತಿದ್ದಿದೆ. ಹತ್ತು ನಿಮಿಷದೊಳಗೆ ಹದಿನಾಲ್ಕೂ ಪಾಸಾಗಿ ಪಟ್ಟಿಗೆ ಸೇರಿದವು.