ಬೆರಳಿಗೆ ಸಿಗುವ ಆ ಸಣ್ಣ ಗುಳಿ: ಹಳೇ ಫೋರ್ಡ್ ಹಾಟ್ ರಾಡ್ ಎಂಜಿನ್ ಟ್ಯೂನ್ ಮಾಡುವುದು ಹೇಗೆ?

ನಾನು ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಮನೆಯ ಗ್ಯಾರೇಜಿನಲ್ಲಿ 1929ರ ಫೋರ್ಡ್ ಮಾಡೆಲ್ ಎ ಒಂದಿತ್ತು. ಹಾಟ್ ರಾಡ್, ಅಂದರೆ ವೇಗಕ್ಕಾಗಿ ಬದಲಾಯಿಸಿದ ಹಳೇ ಕಾರು. ಮಡ್‌ಗಾರ್ಡ್ ಇಲ್ಲ, ಬಾನೆಟ್ ಇಲ್ಲ, ಎಂಜಿನ್ ಬರಿಮೈಯಲ್ಲಿ ಕೂತಿರುತ್ತಿತ್ತು. ಕಾರು ಕೆಮ್ಮಿದಾಗಲೆಲ್ಲ ಆ ಯಜಮಾನರು ಮೊದಲು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್‌ಗೆ ಕೈ ಹಾಕುತ್ತಿದ್ದರು. ಬಿಚ್ಚಿ, ತೊಳೆದು, ಜೋಡಿಸಿದರೂ ಅದೇ ಕೆಮ್ಮು. ಕೊನೆಗೆ ನೋಡಿದರೆ ತಪ್ಪು ಇರುತ್ತಿದ್ದದ್ದು ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನಲ್ಲಿ. ಅಲ್ಲಿ ಕಳೆದ ಶನಿವಾರಗಳಲ್ಲಿ ನಾನು ಕಲಿತದ್ದು ಇಷ್ಟು: ಪೆಟ್ರೋಲ್ ಮೇಲೆ ಅನುಮಾನ ಪಡುವ ಮುಂಚೆ ಕಿಡಿ ನೋಡಬೇಕು.

ಹಾಟ್ ರಾಡ್ ಅಂದ ಕೂಡಲೇ ಜನರಿಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ನೆನಪಾಗುತ್ತದೆ. ಆದರೆ ಫೋರ್ಡ್‌ನ ವಿ8 ಬಂದದ್ದು 1932ರಲ್ಲಿ. ಅದಕ್ಕೂ ಮುಂಚೆ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮ್ಯೂರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದದ್ದು ಮಾಡೆಲ್ ಟಿ, ಮಾಡೆಲ್ ಎಗಳನ್ನೇ. ಎಡ್ ವಿನ್‌ಫೀಲ್ಡ್ ಮಾಡಿದ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ), ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ದಂಡ), ಕಾರ್ಬುರೇಟರ್‌ಗಳಿಗೆ ಅಲ್ಲಿ ದೊಡ್ಡ ಹೆಸರು. ಜೇಬು ಗಟ್ಟಿ ಇದ್ದವರು ರೈಲಿ ಅಥವಾ ಕ್ರೇಗರ್‌ನ ಓವರ್‌ಹೆಡ್ ವಾಲ್ವ್ ಹೆಡ್ ಕೂರಿಸುತ್ತಿದ್ದರು. ಈ ನಾಲ್ಕು ಸಿಲಿಂಡರ್‌ಗೆ ಅಲ್ಲಿಯವರು ಪ್ರೀತಿಯಿಂದ ಇಟ್ಟ ಹೆಸರು ಬ್ಯಾಂಗರ್. ಎಲ್ ಮಿರಾಜ್‌ನ ಕೆರೆಯಂಗಳದಲ್ಲಿ ಈಗಲೂ ಇವು ಓಡುತ್ತವೆ.

ಮಾಡೆಲ್ ಎ ಎಂಜಿನ್ 3.3 ಲೀಟರಿನದು. ಕಂಪ್ರೆಷನ್ 4.22ಕ್ಕೆ 1. ಕೊಡುವ ಶಕ್ತಿ 2200 ಆರ್‌ಪಿಎಂನಲ್ಲಿ 40 ಕುದುರೆ. ಕಡಿಮೆ ಅನಿಸುತ್ತೆ, ಅಲ್ವಾ? ಇದನ್ನು ಜಾಸ್ತಿ ಮಾಡುವ ಆಸೆಯಿಂದಲೇ ಈ ಹುಚ್ಚೆಲ್ಲ ಶುರುವಾದದ್ದು.

ಮೊದಲು ಉಸಿರು

ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿ ಕಂಪ್ರೆಷನ್ ಗೇಜ್ ಇಟ್ಟು ನೋಡಿ. ಹಳೇ ಹೆಡ್ ಇದ್ದರೆ ಚದರ ಇಂಚಿಗೆ 60 ಪೌಂಡ್ ಆಸುಪಾಸು ಬರುತ್ತದೆ. ಅಂಕಿಗಿಂತ ಮುಖ್ಯ, ನಾಲ್ಕೂ ಒಂದೇ ಥರ ಇದೆಯಾ ಅನ್ನೋದು. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಸೊರಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಹೆಡ್ ನಟ್‌ಗಳನ್ನು ನಡುವಿನಿಂದ ಶುರುಮಾಡಿ ಹೊರಕ್ಕೆ ಹೋಗುತ್ತಾ 55 ಫುಟ್-ಪೌಂಡ್‌ಗೆ ಬಿಗಿ ಮಾಡಿ. ಎಂಜಿನ್ ಒಮ್ಮೆ ಬಿಸಿಯಾದ ಮೇಲೆ ಮತ್ತೊಮ್ಮೆ.

ವಾಲ್ವ್ ಸಂದು 13 ಥೌ (ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ) ಸುತ್ತಮುತ್ತ, ಎಕ್ಸಾಸ್ಟ್‌ಗೆ ಸ್ವಲ್ಪ ಜಾಸ್ತಿ. ಕ್ಯಾಮ್ ಬದಲಾಯಿಸಿದ್ದರೆ ಈ ಲೆಕ್ಕ ಬಿಡಿ, ಕ್ಯಾಮ್ ಜೊತೆ ಬಂದ ಚೀಟಿಯಲ್ಲಿ ಇರುವುದೇ ಸರಿ.

ಆಮೇಲೆ ಕಿಡಿ

ಇಲ್ಲಿ ಅವಸರ ಬೇಡ. ಮೊದಲು ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಜೋಡಿ) ಗ್ಯಾಪ್: 18ರಿಂದ 22 ಥೌ, ಅಂದರೆ ಸುಮಾರು ಅರ್ಧ ಮಿಲಿಮೀಟರ್. ಪ್ಲಗ್‌ಗೆ 35 ಥೌ. ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಕೂರಿಸಿದ ಮೇಲೆ ಗ್ಯಾಪ್ ಮುಟ್ಟಿದರೆ ಟೈಮಿಂಗೂ ಕೆಡುತ್ತದೆ. ಹಾಗಾಗಿ ಗ್ಯಾಪ್ ಮೊದಲು, ಟೈಮಿಂಗ್ ನಂತರ.

ಈಗ ಸ್ಟೀರಿಂಗ್ ಕೆಳಗಿನ ಎಡಗಡೆ ಲಿವರ್ ಅನ್ನು ಪೂರ್ತಿ ಮೇಲಕ್ಕೆ ತಳ್ಳಿ. ಇದು ಕಿಡಿಯ ಲಿವರ್. ಮೇಲೆ ಇದ್ದರೆ ಕಿಡಿ ತಡವಾಗಿ ಬೀಳುತ್ತದೆ, ಕೆಳಗೆ ತಂದಷ್ಟೂ ಬೇಗ. ಆಧುನಿಕ ಕಾರಿನಲ್ಲಿ ಕಂಪ್ಯೂಟರ್ ಮಾಡುವ ಕೆಲಸ ಇಲ್ಲಿ ನಿಮ್ಮ ಎಡಗೈಯದು.

ಎಂಜಿನ್ ಮುಂಭಾಗದ ಟೈಮಿಂಗ್ ಕವರ್‌ನಲ್ಲಿ ಒಂದು ಬೋಲ್ಟ್‌ನಂಥ ಪಿನ್ ಇದೆ. ಅದನ್ನು ಬಿಚ್ಚಿ, ತಿರುಗಿಸಿ, ಉರುಟು ತುದಿ ಒಳಗೆ ಹೋಗುವಂತೆ ಅದೇ ತೂತಿಗೆ ಹಾಕಿ. ಒಂದು ಬೆರಳಿನಿಂದ ಪಿನ್ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕ್ರ್ಯಾಂಕ್ ಹ್ಯಾಂಡಲ್ ಅನ್ನು ನಿಧಾನವಾಗಿ ತಿರುಗಿಸಿ. ಒಳಗೆ ಕ್ಯಾಮ್ ಗೇರಿನ ಮುಖ ಪಿನ್ನಿಗೆ ಸವರಿಕೊಂಡು ಹೋಗುವುದು ಬೆರಳಿಗೆ ಗೊತ್ತಾಗುತ್ತದೆ. ಇದ್ದಕ್ಕಿದ್ದಂತೆ ಪಿನ್ ಒಂದು ಸಣ್ಣ ಗುಳಿಗೆ ಇಳಿಯುತ್ತದೆ. ನಿಲ್ಲಿಸಿ! ಒಂದನೇ ಪಿಸ್ಟನ್ ಈಗ ಕಂಪ್ರೆಷನ್‌ನ ತುತ್ತತುದಿಯಲ್ಲಿದೆ. ಕ್ರ್ಯಾಂಕ್ ಎರಡು ಸುತ್ತು ಹಾಕಿದರೆ ಕ್ಯಾಮ್ ಗೇರ್ ಒಂದೇ ಸುತ್ತು. ಹಾಗಾಗಿ ಇದು ಕಂಪ್ರೆಷನ್ನೋ ಎಕ್ಸಾಸ್ಟೋ ಎಂಬ ಅನುಮಾನವೇ ಇಲ್ಲ. ಇದನ್ನು ಯೋಚಿಸಿದ ಎಂಜಿನಿಯರ್‌ಗೆ ಒಂದು ಕಾಫಿ ಕೊಡಿಸಬೇಕು ಅಂತ ನನಗೆ ಪ್ರತಿಸಲ ಅನಿಸುತ್ತಿತ್ತು.

ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ನಡುವಿನ ಕ್ಯಾಮ್ (ಪಾಯಿಂಟ್ ತೆರೆಸುವ ಉಬ್ಬು ತುಂಡು) ಸ್ಕ್ರೂ ಸಡಿಲಿಸಿ. ಅದರ ಮೇಲೆ ಕೂರುವ ರೋಟರ್ ಒಂದನೇ ಸಿಲಿಂಡರಿನ ಕಡ್ಡಿಗೆ ಎದುರಾಗುವಂತೆ ಇಟ್ಟು, ಕ್ಯಾಮ್ ಅನ್ನು ಗಡಿಯಾರಕ್ಕೆ ವಿರುದ್ಧ ದಿಕ್ಕಿನಲ್ಲಿ ಕೂದಲೆಳೆಯಷ್ಟು ತಿರುಗಿಸುತ್ತಾ ಬನ್ನಿ. ಪಾಯಿಂಟ್ ಬಿಡಲು ಶುರುವಾದ ಜಾಗದಲ್ಲೇ ಸ್ಕ್ರೂ ಬಿಗಿ ಮಾಡಿ. ಬಿಡುವ ಕ್ಷಣ ಕಣ್ಣಿಗೆ ಕಾಣುವುದಿಲ್ಲ. ಪಾಯಿಂಟ್ ನಡುವೆ ತೆಳು ಹಾಳೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಿ, ಅದು ಜಾರಿದರೆ ಅದೇ ಕ್ಷಣ. ಮೈಸೂರಿನ ಜಾವಾ, ಯೆಜ್ಡಿ ಸಾಕಿದವರಿಗೆ ಈ ಸಿಗರೇಟ್ ಪೇಪರ್ ವಿದ್ಯೆ ಹೇಳಿಕೊಡಬೇಕಾಗಿಲ್ಲ. ಸ್ಕ್ರೂ ಬಿಗಿಯುವಾಗ ಕ್ಯಾಮ್ ಸ್ವಲ್ಪ ಜರುಗುತ್ತದೆ, ಆದ್ದರಿಂದ ಬಿಗಿದ ಮೇಲೆ ಹಾಳೆ ಹಾಕಿ ಇನ್ನೊಮ್ಮೆ ನೋಡಿ. ಕಿಡಿ ಬೀಳುವ ಕ್ರಮ 1-2-4-3.

ಪಿನ್ ತೆಗೆದು ಮೊದಲಿನಂತೆ ಹಾಕುವುದನ್ನು ಮಾತ್ರ ಮರೆಯಬೇಡಿ. ನಾನು ಒಮ್ಮೆ ಮರೆತು ಸ್ಟಾರ್ಟರ್ ಒತ್ತಿದೆ. ಕಟ್ ಅಂತ ಒಂದೇ ಸದ್ದು. ಆ ಗೇರ್ ಕಬ್ಬಿಣದ್ದಲ್ಲ, ನಾರು ಒತ್ತಿ ಮಾಡಿದ್ದು. ಆ ದಿನ ಯಜಮಾನರು ನನ್ನ ಜೊತೆ ಜಾಸ್ತಿ ಮಾತಾಡಲಿಲ್ಲ.

ಈಗ ಪೆಟ್ರೋಲ್

ಮೂಲ ಝೆನಿತ್ ಕಾರ್ಬುರೇಟರ್ ಆದರೆ ಕೆಲಸ ಸಣ್ಣದು. ಪೆಟ್ರೋಲ್ ಪಂಪ್ ಇಲ್ಲ, ಡ್ಯಾಶ್‌ಬೋರ್ಡ್ ಮುಂದಿನ ಟ್ಯಾಂಕಿನಿಂದ ತಾನಾಗೇ ಇಳಿಯುತ್ತದೆ. ಕೆಳಗಿನ ಗಾಜಿನ ಬಟ್ಟಲಲ್ಲಿ ನೀರು, ತುಕ್ಕು ಕೂತಿದ್ದರೆ ತೊಳೆಯಿರಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ಹಳೇ ರಬ್ಬರ್ ತಿನ್ನುತ್ತದೆ. ಹಾಗಾಗಿ ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ. ಡ್ಯಾಶ್‌ಬೋರ್ಡ್ ಕೆಳಗೆ ಬಲಗಡೆ ಇರುವ ಮಿಶ್ರಣದ ಕಡ್ಡಿಯನ್ನು ಮೆಲ್ಲಗೆ ಪೂರ್ತಿ ಮುಚ್ಚಿ, ಕಾಲು ಸುತ್ತು ತೆರೆದರೆ ಸಾಕು.

ಎರಡು ಸ್ಟ್ರಾಂಬರ್ಗ್ 97 ಕಾರ್ಬುರೇಟರ್ ಹಾಕಿದ್ದರೆ ಕಥೆ ಬೇರೆ. ಅವಕ್ಕೆ ಪಂಪ್ ಬೇಕು, ಒತ್ತಡ ಎರಡೂವರೆ ಪೌಂಡ್ ಆಸುಪಾಸು ಇರಬೇಕು. ಮೀರಿದರೆ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ.

ಬೇರಿಂಗ್ ಕಾಯುವುದು

ಈ ಎಂಜಿನ್‌ನ ಬೇರಿಂಗ್ ಅಂದರೆ ಕರಗಿಸಿ ಎರಕ ಹೊಯ್ದ ಬ್ಯಾಬಿಟ್, ತವರ ಬೆರೆತ ಮೆತ್ತನೆ ಲೋಹ. ಎಣ್ಣೆಯನ್ನು ಪಂಪ್ ಮೇಲೆತ್ತುತ್ತದೆ, ಅಲ್ಲಿಂದ ಅದು ತಾನೇ ಇಳಿದು ಮೂರು ಮೇನ್ ಬೇರಿಂಗ್‌ಗೆ ಹೋಗುತ್ತದೆ. ಕನೆಕ್ಟಿಂಗ್ ರಾಡ್‌ಗಳು ಕೆಳಗಿನ ತಟ್ಟೆಯಿಂದ ತಮಗೆ ಬೇಕಾದ್ದನ್ನು ಸೌಟಿನಂತೆ ಮೊಗೆದುಕೊಳ್ಳುತ್ತವೆ. ಫಿಲ್ಟರ್ ಇಲ್ಲವೇ ಇಲ್ಲ. ಆದ್ದರಿಂದ 800 ಕಿಲೋಮೀಟರ್‌ಗೊಮ್ಮೆ ಎಣ್ಣೆ ಬದಲಾಯಿಸಿ, 5 ಕ್ವಾರ್ಟ್, ಅಂದರೆ 4.7 ಲೀಟರ್. ವರ್ಷಗಟ್ಟಲೆ ನಿಂತ ಎಂಜಿನ್ ಆದರೆ ಮೊದಲು ಕೆಳಗಿನ ಪ್ಯಾನ್ ಇಳಿಸಿ ಕೆಸರು ಬಳಿದು ತೆಗೆಯಿರಿ.

ಬ್ಯಾಬಿಟ್‌ನ ದೊಡ್ಡ ಶತ್ರು ನಾಕಿಂಗ್, ಅಂದರೆ ಎಂಜಿನ್ ಒಳಗಿನ ಟಣಟಣ ಹೊಡೆತ. ಕಿಡಿ ಅತಿ ಬೇಗ ಬಿದ್ದರೆ ಪ್ರತಿ ಹೊಡೆತವೂ ಸುತ್ತಿಗೆ ಏಟು. 6ಕ್ಕೆ 1ರ ಹೈ ಕಂಪ್ರೆಷನ್ ಹೆಡ್ ಹಾಕಿದವರು ಲಿವರ್ ಅನ್ನು ಹಿಂದಿನಂತೆ ತಳಕ್ಕೆ ಎಳೆಯಲೇಬಾರದು. ಏರಿನಲ್ಲಿ ಟಣಟಣ ಕೇಳಿದರೆ ಎರಡು ಹಲ್ಲು ಮೇಲಕ್ಕೆ. ಹಾಗಂತ ಪೂರ್ತಿ ಮೇಲೆ ಬಿಟ್ಟು ಓಡಿಸಿದರೆ ಎಕ್ಸಾಸ್ಟ್ ಕೆಂಪಗೆ ಕಾಯುತ್ತದೆ, ನೀರು ಕುದಿಯುತ್ತದೆ. ಎಷ್ಟೋ ಜನ ಇದಕ್ಕೇ ಸುಮ್ನೆ ರೇಡಿಯೇಟರ್ ಬದಲಾಯಿಸಿರುತ್ತಾರೆ.

ಶಕ್ತಿ ಹೆಚ್ಚಿಸುವ ಆಸೆ ಇದ್ದರೆ ನನ್ನ ಲೆಕ್ಕದಲ್ಲಿ ಮೊದಲು ಹೆಡ್, ಆಮೇಲೆ ಕಾರ್ಬುರೇಟರ್, ಆಮೇಲೆ ಕ್ಯಾಮ್. ಸುಮಾರು 30 ಕಿಲೋ ತೂಗುವ ಫ್ಲೈವೀಲ್ ಕೆತ್ತಿಸಿ ಹಗುರ ಮಾಡಿಸಬಹುದು, ಎಂಜಿನ್ ಚುರುಕಾಗಿ ಏರುತ್ತದೆ. ಕ್ರ್ಯಾಂಕ್ ಬ್ಯಾಲೆನ್ಸ್ ಮಾಡಿಸದೆ ಹೆಚ್ಚು ಆರ್‌ಪಿಎಂಗೆ ಮಾತ್ರ ಹೋಗಬೇಡಿ.

ಸ್ಟಾರ್ಟ್ ಮಾಡುವಾಗ ಎಡ ಲಿವರ್ ಪೂರ್ತಿ ಮೇಲೆ, ವೇಗ ಏರಿಸುವ ಬಲ ಲಿವರ್ ಮೂರ್ನಾಲ್ಕು ಹಲ್ಲು ಕೆಳಗೆ. ಹ್ಯಾಂಡಲ್ ಹೊಡೆಯುವುದಾದರೆ ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ. ಎಡ ಲಿವರ್ ಕೆಳಗಿದ್ದರೆ ಹ್ಯಾಂಡಲ್ ವಾಪಸ್ ಒದೆಯಬಹುದು, ಮಣಿಕಟ್ಟು ಮುರಿಯಬಹುದು.

ವಾಪಸ್ ಬಂದ ಮೇಲೆ ಟ್ಯಾಂಕಿನ ನಲ್ಲಿ ಮುಚ್ಚಿ. ಕಾರ್ಬುರೇಟರ್‌ನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ನಿಲ್ಲಲಿ. ನಿಂತ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಮುಚ್ಚಿಕೊಂಡು ನಿಂತಿದ್ದರೆ ನೀವು ಊಟ ಮುಗಿಸಿ ಬರುವಷ್ಟರಲ್ಲಿ ಕಾಯಿಲ್ ಸುಟ್ಟ ವಾಸನೆ ಬರುತ್ತಿರುತ್ತದೆ.