ಕಲಬುರಗಿಯ ಮಳೆ ಆರ್ಕ್ಟಿಕ್ ಸಮುದ್ರಕ್ಕೆ ಹೋದ ದಿನ: ಡಾಕ್ಯುಮೆಂಟೇಷನ್ ತಿದ್ದಿದ ನನ್ನ ಅನುಭವ

ಮೂರು ವರ್ಷಗಳ ಹಿಂದೆ ನಾನು ಒಂದು ಪೈಥಾನ್ ಲೈಬ್ರರಿಯ (ಬೇರೆಯವರು ತಮ್ಮ ಪ್ರೋಗ್ರಾಮಿನಲ್ಲಿ ಬಳಸಿಕೊಳ್ಳುವ ಸಿದ್ಧ ಕೋಡಿನ) ಡಾಕ್ಯುಮೆಂಟೇಷನ್, ಅಂದರೆ ಬಳಕೆಯ ಕೈಪಿಡಿ, ತಿದ್ದುವ ಕೆಲಸಕ್ಕೆ ಕೈಹಾಕಿದಾಗ, "ಡಾಕ್ಯುಮೆಂಟೇಷನ್ ಯಾರು ಓದುತ್ತಾರೆ, ಎಲ್ಲರೂ ಉದಾಹರಣೆಯನ್ನು ಕಾಪಿ ಮಾಡಿಕೊಂಡು ಹೋಗುತ್ತಾರೆ" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. ಅವರ ಮಾತಿನ ಎರಡನೆಯ ಅರ್ಧ ಪೂರ್ತಿ ನಿಜವಾಗಿತ್ತು. ಆ ನಿಜವನ್ನೇ ಕೆಲಸಕ್ಕೆ ಹಚ್ಚಬಹುದು ಎಂಬುದು ನನಗೆ ಹೊಳೆಯಲು ಮಾತ್ರ ಸುಮಾರು ಒಂದೂವರೆ ವರ್ಷ ಹಿಡಿಯಿತು.

ಲೈಬ್ರರಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಅದರ ಮೇಂಟೇನರ್‌ಗಳ, ಅಂದರೆ ಅದನ್ನು ನೋಡಿಕೊಳ್ಳುವವರ ಬಗ್ಗೆ ಮುಂದೆ ಒಂದೆರಡು ದೂರುಗಳಿವೆ. ಪೈಥಾನ್‌ನಲ್ಲಿ ಗಣಿತದ ಲೆಕ್ಕಗಳಿಗೆ ಬಳಸುವ ನಂಪೈ ಮತ್ತು ಸೈಪೈಗಳ ಮೇಲೆ ನಿಂತ ಚಿಕ್ಕ ಲೈಬ್ರರಿ ಅದು. ಚದುರಿದ ಮಳೆಮಾಪನ ಕೇಂದ್ರಗಳ ಅಂಕಿಗಳಿಂದ ನಡುವಿನ ಊರುಗಳ ಮಳೆಯನ್ನು ಅಂದಾಜಿಸುವುದು ಅದರ ಮುಖ್ಯ ಕಸುಬು, ಒಳಗೆ ದುಡಿಯುವುದು ಬಹುಮಟ್ಟಿಗೆ ಸೈಪೈನ ಗ್ರಿಡ್‌ಡೇಟಾ ಎಂಬ ಫಂಕ್ಷನ್. ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಮಾಡುವ ನಾನು, ಮಳೆ ಮತ್ತು ತೊಗರಿ ಇಳುವರಿಯ ಮೇಲೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ ಅದನ್ನು ಬಳಸಲು ಹೇಳಿದ್ದೇ ತಡ, ತಿಂಗಳಿಗೆ ಏನಿಲ್ಲವೆಂದರೂ 40 ಪ್ರಶ್ನೆಗಳು ನನ್ನ ಫೋನಿಗೆ ಬರತೊಡಗಿದವು. ಅವುಗಳಲ್ಲಿ 30 ಒಂದೇ ಪ್ರಶ್ನೆಯ ಬೇರೆ ಬೇರೆ ವೇಷಗಳಾಗಿದ್ದವು.

ಆಗ ಇದ್ದ ಡಾಕ್ಯುಮೆಂಟೇಷನ್ ಎಂದರೆ ಡಾಕ್ಯುಮೆಂಟೇಷನ್ ಪುಟಗಳನ್ನು ತಯಾರಿಸುವ ಸ್ಫಿಂಕ್ಸ್ ಎಂಬ ಸಾಧನದ ಆಟೋಡಾಕ್, ಕೋಡಿನಿಂದ ತಾನೇ ಎತ್ತಿ ಕಕ್ಕಿದ ಪಟ್ಟಿ: ಸುಮಾರು 180 ಫಂಕ್ಷನ್‌ಗಳು, ಅಕಾರಾದಿಯಾಗಿ. ಬರವಣಿಗೆ ಸಾಲದು ಎಂದು ತೀರ್ಮಾನಿಸಿ, ಎಂಟು ತಿಂಗಳು ರಾತ್ರಿ ಕುಳಿತು 90 ಪುಟಗಳ ಮಾರ್ಗದರ್ಶಿಯೊಂದನ್ನು ಬರೆದೆ. ಅಂದಾಜಿನ ಗಣಿತದಲ್ಲಿ ಡೆಲಾನೆ ತ್ರಿಕೋನಗಳಿಂದ ಹಿಡಿದು ಕ್ರಿಗಿಂಗ್‌ವರೆಗೆ ಅದರಲ್ಲಿ ಇಲ್ಲದ್ದೇ ಇರಲಿಲ್ಲ, ಓದುಗನೊಬ್ಬನನ್ನು ಬಿಟ್ಟರೆ. ಅಷ್ಟನ್ನೂ ಒಂದೇ ಪುಲ್ ರಿಕ್ವೆಸ್ಟಿನಲ್ಲಿ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ಕಳಿಸಿದ್ದು ಇನ್ನೊಂದು ಮೂರ್ಖತನ. ನಾಲ್ಕು ತಿಂಗಳು ಅದು ಹಾಗೆಯೇ ಬಿದ್ದಿತ್ತು. ಕೊನೆಗೆ ಒಬ್ಬ ಮೇಂಟೇನರ್ "ಇಷ್ಟು ದೊಡ್ಡದನ್ನು ನೋಡಲು ಸಮಯವಿಲ್ಲ" ಎಂದರು, ಮತ್ತೊಬ್ಬರು "ಕೋಡ್ ಸ್ಪಷ್ಟವಾಗಿರುವಾಗ ಇದು ಬೇಕೇ" ಎಂದು ಕೇಳಿದರು. ಎರಡನೆಯವರ ಮಾತು ಇವತ್ತಿಗೂ ನನಗೆ ಅಜೀರ್ಣವಾಗಿಯೇ ಇದೆ, ಆದರೆ ಮೊದಲನೆಯವರು ಹೇಳಿದ್ದು ಸರಿ. ಈಗ ನಾನು 40 ಸಾಲು ದಾಟಿದ ಯಾವ ತಿದ್ದುಪಡಿಯನ್ನೂ ಒಟ್ಟಿಗೆ ಕಳಿಸುವುದಿಲ್ಲ, ಎರಡು ಮೂರು ದಿನಗಳಲ್ಲಿ ಮರ್ಜ್ ಆಗುತ್ತದೆ, ಅಂದರೆ ಮೂಲಕ್ಕೆ ಸೇರುತ್ತದೆ.

ತೊಂದರೆ ಇಂಗ್ಲಿಷಿನದ್ದಿರಬೇಕು ಎಂದು ಆಮೇಲೆ ಅನ್ನಿಸಿತು. ಸ್ಫಿಂಕ್ಸ್‌ನಿಂದ ಕನ್ನಡಕ್ಕೆ ತರಬೇಕಾದ ವಾಕ್ಯಗಳಿರುವ ಪಿಒ ಫೈಲ್‌ಗಳನ್ನು ತೆಗೆದು ಒಬ್ಬ ಅನುವಾದಕರಿಗೆ 9,000 ರೂಪಾಯಿ ಕೊಟ್ಟು ಒಪ್ಪಿಸಿದೆ. ಬಂದದ್ದು ಯೂನಿಕೋಡ್ ಅಲ್ಲ, ಹಳೆಯ ನುಡಿ ಫಾಂಟಿನ ಎನ್‌ಕೋಡಿಂಗ್. ಪರಿವರ್ತಿಸಿ ಓದಿದರೆ ಅಕ್ಷರಗಳ ಸಾಲು ಎಂಬರ್ಥದ ಸ್ಟ್ರಿಂಗ್ ಎಂಬುದು "ದಾರ"ವಾಗಿತ್ತು, ಬೇರೆ ಬೇರೆಯಾದ ಅರೇ ಮತ್ತು ಸೀರೀಸ್ ಎರಡೂ "ಸರಣಿ"ಯಾಗಿದ್ದವು. ಅದನ್ನು ತಿದ್ದುತ್ತಾ ಕುಳಿತಿರುವಾಗ ಮೂಲ ಇಂಗ್ಲಿಷ್ ಪಠ್ಯವನ್ನು ನಾನೇ ಅಲ್ಲಲ್ಲಿ ಬದಲಿಸಿದ್ದರಿಂದ, ಅರ್ಧಕ್ಕಿಂತ ಹೆಚ್ಚು ವಾಕ್ಯಗಳು ಫಜ್ಜಿ (ಅನುವಾದ ಮೂಲಕ್ಕೆ ಹೊಂದುತ್ತಿಲ್ಲವೇನೋ) ಎಂಬ ಗುರುತು ಹೊತ್ತು ಕನ್ನಡ ಪುಟಗಳಿಂದ ಮಾಯವಾದವು. ಮೂಲ ಗಟ್ಟಿಯಾಗುವ ಮೊದಲು ಅನುವಾದಕ್ಕೆ ಹಣ ಸುರಿಯುವುದು ಸೋರುವ ಕೊಡಕ್ಕೆ ನೀರು ಹೊತ್ತಂತೆ ಎಂಬುದು ಗೊತ್ತಾಗುವ ಹೊತ್ತಿಗೆ ಕೈ ಸುಟ್ಟಿತ್ತು.

ಕೆಲಸ ಹಿಡಿತಕ್ಕೆ ಬಂದದ್ದು ಬರೆಯುವುದನ್ನು ನಿಲ್ಲಿಸಿದ ಮೇಲೆ. ಆರೇಳು ಶನಿವಾರಗಳ ಮಧ್ಯಾಹ್ನ, ಕಾಲೇಜಿನ ಲ್ಯಾಬಿನಲ್ಲಿ, ಒಬ್ಬೊಬ್ಬ ವಿದ್ಯಾರ್ಥಿಯನ್ನು ಮಾತ್ರ ಕೂರಿಸಿ, ಡಾಕ್ಯುಮೆಂಟೇಷನ್‌ನ ಮೊದಲ ಪುಟವನ್ನು ತೆರೆದುಕೊಟ್ಟು, ಅವರ ಹಿಂದೆ ಕುರ್ಚಿ ಹಾಕಿಕೊಂಡು ಕುಳಿತೆ. ನನಗೆ ನಾನೇ ಹಾಕಿಕೊಂಡ ನಿಯಮ ಒಂದೇ: ಬಾಯಿ ತೆರೆಯಬಾರದು. ಇಪ್ಪತ್ತು ವರ್ಷ ಪಾಠ ಮಾಡಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿಲ್ಲ. ಎಷ್ಟನೆಯ ನಿಮಿಷಕ್ಕೆ ಕೈ ನಿಂತಿತು, ಯಾವ ಸಾಲಿನ ಮೇಲೆ ಮೌಸ್ ಸುತ್ತಾಡಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಒಟ್ಟು 14 ಜನ ಕುಳಿತರು. ಮೊದಲನೆಯವನು ವಿಂಡೋಸ್‌ನಲ್ಲಿ ಪ್ರಾಜೆಕ್ಟಿಗೆಂದೇ ಬೇರೆ ಇಡುವ ಪೈಥಾನ್ ಜಾಗವನ್ನು (ವರ್ಚುವಲ್ ಎನ್ವಿರಾನ್‌ಮೆಂಟ್) ಆಕ್ಟಿವೇಟ್ ಮಾಡುವ ಕಮಾಂಡ್ ಸಿಗದೆ 23 ನಿಮಿಷ ಒದ್ದಾಡಿದ, ಏಕೆಂದರೆ ನಮ್ಮ ಪುಟದಲ್ಲಿದ್ದದ್ದು ಲಿನಕ್ಸಿನದು ಮಾತ್ರ. ನನ್ನ 90 ಪುಟಗಳ ಮಾರ್ಗದರ್ಶಿಯನ್ನು 14 ಜನರಲ್ಲಿ ಒಬ್ಬರೂ ತೆರೆಯಲಿಲ್ಲ.

ನಾಲ್ಕನೆಯ ವಿದ್ಯಾರ್ಥಿನಿಯ ಸರದಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಆಳಂದ, ಅಫಜಲಪುರ, ಜೇವರ್ಗಿ, ಸೇಡಂ, ಚಿಂಚೋಳಿ, ಈ ಐದು ಊರುಗಳ ಮಳೆ ಕೊಟ್ಟು, ನಡುವೆ ಇರುವ ಕಲಬುರಗಿಯ ಮಳೆಯನ್ನು ಕೇಳುವುದು ಅವಳ ಕೆಲಸ. ಐದು ಊರುಗಳ ಅಂಕಿಗಳನ್ನು ನಾನು ಕೊಟ್ಟಿದ್ದ ಫೈಲಿನಿಂದ ಓದಿಸಿಕೊಂಡಳು, ಕಲಬುರಗಿಯದನ್ನು ಮಾತ್ರ ಕೈಯಲ್ಲಿ ಬರೆದಳು: 17.33, 76.83. ಉತ್ತರ ನ್ಯಾನ್, ಅಂದರೆ ಸಂಖ್ಯೆಯೇ ಅಲ್ಲ. ಮತ್ತೆ ಓಡಿಸಿದಳು, ನ್ಯಾನ್. ಫೈಲನ್ನು ತೆರೆದು ಖಾಲಿ ಅಂಕಣಗಳಿವೆಯೇ ಎಂದು ನೋಡಿದಳು, ಲೈಬ್ರರಿಯನ್ನು ಕಿತ್ತು ಮತ್ತೊಮ್ಮೆ ಇನ್‌ಸ್ಟಾಲ್ ಮಾಡಿದಳು, ಸುಮಾರು ಅರ್ಧ ಗಂಟೆಯ ನಂತರ ಹಿಂದಕ್ಕೆ ತಿರುಗಿ ನನ್ನ ಮುಖ ನೋಡಿದಳು. ಆ ಫಂಕ್ಷನ್ ಮೊದಲು ರೇಖಾಂಶವನ್ನು, ಆಮೇಲೆ ಅಕ್ಷಾಂಶವನ್ನು ಕೇಳುತ್ತದೆ. ಶಾಲೆಯಲ್ಲಿ ನಾವೆಲ್ಲ ಕಲಿತದ್ದು ಅಕ್ಷಾಂಶ ಮೊದಲು. ಅವಳು ಕೊಟ್ಟ ಕ್ರಮದಲ್ಲಿ ಓದಿದರೆ ಆ ಬಿಂದು ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಬೀಳುತ್ತದೆ. ಕೊಟ್ಟ ಕೇಂದ್ರಗಳನ್ನು ಸುತ್ತುವರಿದ ಬಹುಭುಜದ ಹೊರಗಿನ ಬಿಂದುವಿಗೆ ಗ್ರಿಡ್‌ಡೇಟಾ ತನ್ನ ಲೀನಿಯರ್ ವಿಧಾನದಲ್ಲಿ ಎಚ್ಚರಿಕೆಯನ್ನೇನೂ ಕೊಡದೆ ನ್ಯಾನ್ ಮರಳಿಸುತ್ತದೆ, ನಮ್ಮ ಲೈಬ್ರರಿಯೂ ಅದನ್ನೇ ಬಾಯಿ ಮುಚ್ಚಿಕೊಂಡು ದಾಟಿಸುತ್ತಿತ್ತು. ನನ್ನ ಫೋನಿಗೆ ಬರುತ್ತಿದ್ದ ಆ 30 ಪ್ರಶ್ನೆಗಳ ಬೇರು ಇದೇ ಆಗಿತ್ತು. ಕೋಡಿನೊಳಗೇ ಬರೆಯುವ ಟಿಪ್ಪಣಿಯಾದ ಡಾಕ್‌ಸ್ಟ್ರಿಂಗಿನಲ್ಲಿ, ಫಂಕ್ಷನ್ನಿಗೆ ಕೊಡುವ ಆ ಮೌಲ್ಯದ (ಆರ್ಗ್ಯುಮೆಂಟಿನ) ಬಗ್ಗೆ ಇದ್ದ ವಿವರಣೆ ಇಡಿಯಾಗಿ ಎರಡು ಪದ: "ಬಿಂದುವಿನ ನಿರ್ದೇಶಾಂಕಗಳು".

ಅಂದೇ ರಾತ್ರಿ ಮೊದಲ ಪುಟವನ್ನು ಅಳಿಸಿ ಮತ್ತೆ ಬರೆದೆ. ಮೊದಲ ಉದಾಹರಣೆಯಲ್ಲಿ ಐದೂ ಊರುಗಳಿಗೆ 10 ಮಿ.ಮೀ. ಎಂದೇ ಕೊಟ್ಟೆ, ಕಲಬುರಗಿಗೂ 10 ಬರಲೇಬೇಕು. ಉತ್ತರ ಸರಿಯೇ ಎಂದು ಓದುಗ ತಲೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಎರಡನೆಯದರಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದೇ ಹದದಲ್ಲಿ ಏರುವ ಮಳೆ. ಮೂರನೆಯದರಲ್ಲಿ ಬೇಕೆಂದೇ ಬೀದರನ್ನು ಕೇಳಿ, ಅದು ಐದು ಊರುಗಳ ಆವರಣದ ಹೊರಗೆ ಬಡಗಣಕ್ಕಿರುವುದರಿಂದ ನ್ಯಾನ್ ಬರುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದೆ. ತಪ್ಪಾಗುವ ಉದಾಹರಣೆಯನ್ನು ಮೊದಲ ಪುಟದಲ್ಲಿ ಹಾಕಬಾರದು, ಹೊಸಬರು ಹೆದರುತ್ತಾರೆ ಎಂದು ಮೇಂಟೇನರ್ ಒಬ್ಬರು ತಕರಾರು ತೆಗೆದರು. ಹೆದರಿ ಓಡಿದವರು ಇದುವರೆಗೆ ಯಾರೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಉದಾಹರಣೆಯನ್ನು ಕಾಪಿ ಮಾಡುವುದೇ ಓದುಗರ ಓದು ಎಂದಾದ ಮೇಲೆ, ಕಾಪಿ ಮಾಡಿದ್ದು ಓಡಲೇಬೇಕು. ಉದಾಹರಣೆಗಳನ್ನು ಓಡಿಸಿ, ಬಂದ ಉತ್ತರ ಪುಟದಲ್ಲಿದ್ದುದಕ್ಕೆ ಸರಿಹೊಂದುತ್ತದೆಯೇ ಎಂದು ನೋಡುವ ಪೈಥಾನ್ ಸಾಧನ ಡಾಕ್‌ಟೆಸ್ಟ್, ಅದರ ಪಾಠ ಇಲ್ಲಿ ಬೇಡ. ಇದ್ದ ಸುಮಾರು 130 ಉದಾಹರಣೆಗಳನ್ನು ಅದಕ್ಕೆ ಒಡ್ಡಿದಾಗ 50ಕ್ಕೂ ಹೆಚ್ಚು ಮುಗ್ಗರಿಸಿದವು. ಕೆಲವಕ್ಕೆ ಇಂಪೋರ್ಟ್ ಸಾಲೇ ಇರಲಿಲ್ಲ, ಕೆಲವು ಬೀಜ (ಸೀಡ್, ಅಂದರೆ ಆರಂಭದ ಸಂಖ್ಯೆ) ಕೊಡದ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಿ ಪ್ರತಿಸಲ ಬೇರೆ ಉತ್ತರ ಕೊಡುತ್ತಿದ್ದವು, ನಂಪೈ 1.24ರಲ್ಲಿ ಕಿತ್ತುಹಾಕಿದ ಎನ್‌ಪಿ.ಫ್ಲೋಟ್ ಎಂಬ ಹೆಸರು ನಮ್ಮ ಟ್ಯುಟೋರಿಯಲ್ಲಿನಲ್ಲಿ ರಾಜಠೀವಿಯಿಂದ ಕುಳಿತಿತ್ತು. ಎಲ್ಲವನ್ನೂ ಸರಿಪಡಿಸಿ ಉಸಿರು ಬಿಡುವಷ್ಟರಲ್ಲಿ, 2024ರ ಜೂನ್‌ನಲ್ಲಿ ನಂಪೈ 2.0 ಬಂತು. ಬರಿಯ 12.5 ಎಂದು ಕಾಣುತ್ತಿದ್ದ ಉತ್ತರ ಎನ್‌ಪಿ.ಫ್ಲೋಟ್64(12.5) ಎಂದು ಕಾಣತೊಡಗಿ, ಒಂದೇ ದಿನ 70 ಉದಾಹರಣೆಗಳು ಕೆಂಪಾದವು. ಪ್ರಿಂಟ್ ಆಪ್ಷನ್‌ಗಳಲ್ಲಿ ಲೆಗಸಿ ಎಂದು ಹಾಕಿ ಹಳೆಯ ರೂಪವನ್ನು ಉಳಿಸಿಕೊಳ್ಳುವ ಸುಲಭದ ದಾರಿ ಇತ್ತು, ತಂಡದ ಬಹುಮತವೂ ಅದಕ್ಕೇ ಇತ್ತು. ಆದರೆ ಓದುಗನ ಪರದೆಯ ಮೇಲೆ ಬರುವುದು ಹೊಸ ರೂಪ. ಪುಟದಲ್ಲಿ ಒಂದು, ಪರದೆಯಲ್ಲಿ ಇನ್ನೊಂದು ಕಂಡರೆ ಶನಿವಾರದ ಅದೇ ಅರ್ಧ ಗಂಟೆ ಮರುಕಳಿಸುತ್ತದೆ ಎಂದು ಹಟ ಹಿಡಿದು, ಹತ್ತು ದಿನ ಕುಳಿತು ಎಲ್ಲವನ್ನೂ ಹೊಸದಾಗಿಯೇ ಬರೆದೆ. ಆಮೇಲೆ ಉದಾಹರಣೆ ಮುರಿದರೆ ಅಥವಾ ಸ್ಫಿಂಕ್ಸ್ ಒಂದೇ ಒಂದು ಎಚ್ಚರಿಕೆ ಕೊಟ್ಟರೂ ಬಿಲ್ಡ್ (ಪುಟಗಳ ತಯಾರಿ) ನಿಲ್ಲುವಂತೆ ಮಾಡಿಸಿದೆ. ಈ ನಿಯಮದಿಂದ ಮೊದಲ ತಿಂಗಳು ನನ್ನನ್ನು ಬೈಯದವರಿಲ್ಲ.

ಈ ನಡುವೆ ಅಡ್ಡದಾರಿಗಳಲ್ಲೂ ಸ್ವಲ್ಪ ಅಲೆದೆ. ಉಳಿದ ಕನ್ನಡ ಪುಟಗಳಲ್ಲಿ ಹುಡುಕುವ ಸೌಲಭ್ಯ ಕೆಲಸ ಮಾಡುತ್ತಿರಲಿಲ್ಲ, ಕಲಬುರಗಿ ಎಂದು ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ಎರಡು ದಿನ ಬೆನ್ನು ಹತ್ತಿದ ಮೇಲೆ ಕಾರಣ ಸಿಕ್ಕಿತು. ಸ್ಫಿಂಕ್ಸ್ ಪದಗಳನ್ನು ಬಿಡಿಸಲು ಬಳಸುವ ಪೈಥಾನ್ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನ (ಪಠ್ಯದಲ್ಲಿ ಮಾದರಿ ಹುಡುಕುವ ಸೂತ್ರದ) ಡಬ್ಲ್ಯೂ ಗುರುತು, ಕನ್ನಡದ ಸ್ವರಚಿಹ್ನೆಗಳನ್ನು ಅಕ್ಷರಗಳೆಂದು ಎಣಿಸುವುದೇ ಇಲ್ಲ. ಆದ್ದರಿಂದ ಕೊಂಬು ಮತ್ತು ಗುಡಿಸು ಬಂದಲ್ಲೆಲ್ಲ ಪದ ತುಂಡಾಗಿ, ಕಲಬುರಗಿ ಎಂಬುದು "ಕಲಬ" ಮತ್ತು "ರಗ" ಎಂಬ ಎರಡು ಚೂರುಗಳಾಗಿ ಸೂಚಿಯಲ್ಲಿ ಸೇರಿತ್ತು. ಅದನ್ನು ಏಳೆಂಟು ಸಾಲುಗಳಲ್ಲಿ ಸರಿಪಡಿಸಿಕೊಂಡಿದ್ದೇನೆ, ಹೇಗೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ. ಮ್ಯಾಟ್‌ಪ್ಲಾಟ್‌ಲಿಬ್‌ನ ನಕ್ಷೆಯಲ್ಲಿ ಊರುಗಳ ಹೆಸರನ್ನು ಕನ್ನಡದಲ್ಲಿ ಬರೆಸುವ ಪ್ರಯತ್ನ ಮಾತ್ರ ಕೈಗೂಡಲಿಲ್ಲ. ನಾನು ಬಳಸುತ್ತಿದ್ದ ಆವೃತ್ತಿ ಅಕ್ಷರಗಳನ್ನು ಪಕ್ಕಪಕ್ಕ ಜೋಡಿಸುತ್ತಿತ್ತೇ ಹೊರತು ಒತ್ತಕ್ಷರ ಕಟ್ಟುತ್ತಿರಲಿಲ್ಲ. ಗುಣಿತವೂ ಒತ್ತೂ ಇಲ್ಲದ ಆಳಂದ ಸರಿಯಾಗಿ ಬಂತು, ಜೇವರ್ಗಿ ಅರ್ಕಾವೊತ್ತು ಕಳೆದುಕೊಂಡು ಗುರುತು ಸಿಗದಂತಾಯಿತು. ನಕ್ಷೆಯ ಹೆಸರುಗಳನ್ನು ಇಂಗ್ಲಿಷಿಗೇ ಮರಳಿಸಿದೆ.

ಹಣದ ಲೆಕ್ಕವನ್ನು ನೆನಪಿನಿಂದಲೇ ಹೇಳುತ್ತೇನೆ. ಉದಾಹರಣೆಗಳನ್ನು ಓಡಿಸಿ ನೋಡಲು ಇಬ್ಬರು ವಿದ್ಯಾರ್ಥಿಗಳಿಗೆ ತಿಂಗಳಿಗೆ 3,000ದಂತೆ ನಾಲ್ಕು ತಿಂಗಳು ಕೊಟ್ಟದ್ದು 24,000 ರೂಪಾಯಿ, ಇಡೀ ಖರ್ಚಿನಲ್ಲಿ ಸಾರ್ಥಕವಾದದ್ದು ಇದೇ. ಅನುವಾದದ 9,000 ನೀರಿಗೆ ಹೋಯಿತು. ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಕರೆಂಟು ಹೋಗಿ ಹೋಗಿ ಬಂದು, ಮನೆಯ ಇನ್ವರ್ಟರ್ ಬ್ಯಾಟರಿ ಕೈಕೊಟ್ಟು, ಹೊಸದಕ್ಕೆ 13,500 ಆಯಿತು. ಅದನ್ನು ಈ ಲೆಕ್ಕಕ್ಕೆ ಸೇರಿಸಬಾರದು ಎಂಬುದು ಮನೆಯವರ ವಾದ. ಹಾಸ್ಟೆಲ್ಲಿನಲ್ಲಿ ನೆಟ್ ಸರಿಯಾಗಿ ಸಿಗದವರಿಗಾಗಿ ಇಡೀ ಎಚ್‌ಟಿಎಂಎಲ್ ಬಿಲ್ಡನ್ನು 25 ಪೆನ್ ಡ್ರೈವ್‌ಗಳಲ್ಲಿ ಹಾಕಿಕೊಟ್ಟೆ, ಸುಮಾರು 7,000. ಅವುಗಳಲ್ಲಿ ಆರು ಹಿಂದಿರುಗಿದವು, ಮೂರರಲ್ಲಿ ಸಿನಿಮಾ ತುಂಬಿತ್ತು. ಹೀಗೆ ಕೈಯಿಂದ 50,000 ದಾಟಿತು. ಒಂದು ಕಡೆ ಅನುದಾನಕ್ಕೆ ಅರ್ಜಿ ಹಾಕಿದ್ದೆ, ಹೊಸ ಫೀಚರ್ ಏನಿದೆ ಎಂದು ಕೇಳಿ ವಾಪಸು ಕಳಿಸಿದರು. ಎರಡು ಕಾರ್ಯಾಗಾರಗಳಿಂದ ಬಂದ ಗೌರವಧನ 8,000 ಮಾತ್ರ ಈ ಕಡೆಯ ಜಮೆ.

ಈಗ ತಿಂಗಳಿಗೆ ಬರುವ ಪ್ರಶ್ನೆಗಳು 8 ಅಥವಾ 10, ಅವೂ ಯೋಚಿಸಿ ಉತ್ತರಿಸಬೇಕಾದ ಪ್ರಶ್ನೆಗಳು. ಆ 90 ಪುಟಗಳಲ್ಲಿ ಉಳಿದಿರುವುದು 12. ಸ್ಟಾಫ್ ರೂಮಿನಲ್ಲಿ ನಕ್ಕವರಲ್ಲಿ ಇಬ್ಬರು ತಮ್ಮ ತರಗತಿಗೆ ಇದೇ ಮೊದಲ ಪುಟವನ್ನು ಕೊಡುತ್ತಿದ್ದಾರೆ. ನನಗೆ ಹೇಳಿಲ್ಲ, ಆದರೆ ಅವರ ವಿದ್ಯಾರ್ಥಿಗಳು ಹೇಳಿದ್ದಾರೆ. ಶನಿವಾರದ ಟಿಪ್ಪಣಿಗಳಿಂದ ಯಾವ ಪುಟವನ್ನು ಮೊದಲು ತಿದ್ದಬೇಕೆಂದು ಆರಿಸುವ ಸಣ್ಣ ಲೆಕ್ಕಾಚಾರವೊಂದು ನನ್ನಲ್ಲಿದೆ, ಅದನ್ನು ಇನ್ನೂ ಎರಡು ಲೈಬ್ರರಿಗಳ ಮೇಲೆ ಪ್ರಯೋಗಿಸುವವರೆಗೆ ಬಿಟ್ಟುಕೊಡುವುದಿಲ್ಲ.

ಕಳೆದ ತಿಂಗಳು ಯಾದಗಿರಿಯ ವಿದ್ಯಾರ್ಥಿಯೊಬ್ಬ, ತನ್ನ ಊರಿಗೂ ನ್ಯಾನ್ ಬರುತ್ತಿದೆ ಎಂದು ಇಶ್ಯೂ (ದೂರಿನ ಟಿಪ್ಪಣಿ) ತೆರೆದ. ನಾನು ಉತ್ತರ ಬರೆಯುವ ಮೊದಲೇ ಬೀದರದ ಉದಾಹರಣೆಯನ್ನು ಓದಿ, ಕಾರಣವನ್ನು ತಾನೇ ಕಂಡುಕೊಂಡು, ಆರನೆಯ ಕೇಂದ್ರವಾಗಿ ರಾಯಚೂರನ್ನು ಸೇರಿಸಿದ. ಯಾದಗಿರಿ ಆವರಣದ ಒಳಗೆ ಬಂತು, ಸಂಖ್ಯೆಯೂ ಬಂತು. ಅದನ್ನೇ ನಾಲ್ಕನೆಯ ಉದಾಹರಣೆಯಾಗಿ ಬರೆದು ಕಳಿಸಿದ ಪುಲ್ ರಿಕ್ವೆಸ್ಟಿನಲ್ಲಿ 11 ಸಾಲುಗಳಿದ್ದವು, ರೇಖಾಂಶ ಮೊದಲಿತ್ತು. ಮೂರನೆಯ ದಿನ ಮರ್ಜ್ ಆಯಿತು.